ವೇಗೇನಲ್ಲಿ ನಾಲ್ಕು ಜನ, ಕುಕ್ಕರ್ ಒಂದೇ: ವೋನ್‌ಗೆಲ್ಡ್‌ಗೆ ಅರ್ಜಿ ಹಾಕ್ಬೋದಾ?

ಮಲ್ನಾಡ್_ಮಳೆ

ಎಲ್ರಿಗೂ ನಮಸ್ಕಾರ. ನಾನು ಜರ್ಮನಿಯ ಪೂರ್ವದ ಕಡೆ ಒಂದು ಯೂನಿವರ್ಸಿಟಿ ಊರಲ್ಲಿ ಮಾಸ್ಟರ್ಸ್ ಮಾಡ್ತಿದೀನಿ, ನಾಲ್ಕನೇ ಸೆಮಿಸ್ಟರು, ಥೀಸಿಸ್ ನಡೀತಿದೆ. ಒಂದು ವೇಗೇನಲ್ಲಿ, ಅಂದ್ರೆ ಹಂಚ್ಕೊಂಡಿರೋ ಫ್ಲ್ಯಾಟಲ್ಲಿ, ನಾಲ್ಕು ಜನ ಇದೀವಿ. ನಾನು, ದಾವಣಗೆರೆಯವ್ಳು ಒಬ್ಳು, ಒಬ್ಬ ತೆಲುಗು ಹುಡುಗ, ಒಬ್ಳು ಜರ್ಮನ್ ಹುಡುಗಿ. ನನ್ನ ರೂಮಿಗೆ ವಾರ್ಮ್ ಬಾಡಿಗೆ (ಹೀಟಿಂಗ್ ಸೇರಿ) 380 ಯೂರೋ. ಹೋದ ತಿಂಗಳವರೆಗೂ ವಾರಕ್ಕೆ 20 ಗಂಟೆ ವೆರ್ಕ್‌ಸ್ಟುಡೆಂಟ್ (ಓದ್ತಾ ಮಾಡೋ ಪಾರ್ಟ್‌ಟೈಮ್) ಕೆಲಸ ಇತ್ತು, ಈಗ ಗಂಟೆ ಕಡಿಮೆ ಮಾಡಿ ಮಿನಿಜಾಬ್ (ಕಮ್ಮಿ ಸಂಬಳದ ಸಣ್ಣ ಕೆಲಸ) ಮಾಡಿದಾರೆ, ತಿಂಗಳಿಗೆ 556 ಯೂರೋ ಅಷ್ಟೇ. ಅಪ್ಪ 300 ಕಳಿಸ್ತಾರೆ. ಈ ಸಲ ತೋಟಕ್ಕೆ ಕೊಳೆರೋಗ ಬಂದು ಅರ್ಧಕ್ಕರ್ಧ ಅಡಿಕೆ ಉದುರಿದೆ, ಅವ್ರತ್ರ ಇನ್ನೂ ಕೊಡಿ ಅಂತ ಬಾಯಿ ಬಿಡಕ್ಕೆ ನಂಗೆ ಮನಸ್ಸಿಲ್ಲ.

ನಮ್ಮ ಜರ್ಮನ್ ಫ್ಲ್ಯಾಟ್‌ಮೇಟ್ ಹೇಳಿದ್ಲು, ವೋನ್‌ಗೆಲ್ಡ್ ಅಂತ ಇದೆ, ಬಾಡಿಗೆಗೆ ಸರ್ಕಾರ ಸಹಾಯಧನ ಕೊಡತ್ತೆ, ಹಾಕು ಅಂತ. ಫಾರ್ಮ್ ಪ್ರಿಂಟ್ ತೆಗ್ದೆ. ಶುರುನಲ್ಲೇ ಮನೇಲಿ ಯಾರ್ಯಾರು ಇದೀರಿ, ಅವ್ರಿಗೂ ನಿಮಗೂ ಸಂಬಂಧ ಏನು, ಎಲ್ರ ಆದಾಯ ಎಷ್ಟು ಅಂತ ಕೇಳ್ತಾರೆ. ಅಲ್ಲೇ ಕೂತ್ಬಿಟ್ಟೆ. ಯಾಕಂದ್ರೆ ನಾವು ಮೂವರು ಇಂಡಿಯನ್ಸ್ ಒಂದೇ ಕುಕ್ಕರಲ್ಲಿ ಅನ್ನ ಇಡ್ತೀವಿ, ಸಾರು ಒಂದೇ ಪಾತ್ರೇಲಿ, ರೇಷನ್ ದುಡ್ಡು ತಿಂಗಳ ಕೊನೆಗೆ ಲೆಕ್ಕ ಹಾಕಿ ಹಂಚ್ಕೋತೀವಿ. ಹಂಗಾದ್ರೆ ನಾವೆಲ್ಲ ಒಂದೇ ಮನೆತನ ಅಂತ ಲೆಕ್ಕಾನಾ? ತೆಲುಗು ಹುಡುಗನಿಗೆ ಫುಲ್‌ಟೈಮ್ ಕೆಲಸ ಇದೆ, ಅವನ ಸಂಬಳ ಸೇರಿಸಿದ್ರೆ ನಂಗೆ ಒಂದು ಪೈಸೆನೂ ಬರಲ್ಲ.

ಇನ್ನೊಂದು ಭಯ, ಅಕ್ಟೋಬರಲ್ಲಿ ರೆಸಿಡೆನ್ಸ್ ಪರ್ಮಿಟ್ ರಿನ್ಯೂವಲ್ ಇದೆ. ಗೊತ್ತಿದ್ದೋರು ದಯವಿಟ್ಟು ಹೇಳಿ.

ಹುಬ್ಳಿ_ಮಂದಿ

ಹಾಕಬ್ಯಾಡ್ರಿ. ಸ್ಟೂಡೆಂಟ್ ವೀಸಾ ಮ್ಯಾಲೆ ಬಂದು ಸರ್ಕಾರದ ರೊಕ್ಕ ಕೇಳಿದ್ರ ಪರ್ಮಿಟ್ ಕೈ ಬಿಟ್ಟು ಹೋಗ್ತೈತಿ.

ಬೆಣ್ಣೆದೋಸೆ88

ಸ್ಟೂಡೆಂಟ್ಸ್‌ಗೆ ವೋನ್‌ಗೆಲ್ಡ್ ಕೊಡೋದೇ ಇಲ್ಲ ಅಲ್ವಾ? ನನ್ನ ಕ್ಲಾಸಿನ ಜರ್ಮನ್ ಹುಡುಗನಿಗೆ ಒಂದೇ ವಾರದಲ್ಲಿ ರಿಜೆಕ್ಟ್ ಬಂತು.

ಬರ್ಲಿನ್_ಬಸವನಗುಡಿ

ಬೆಣ್ಣೆದೋಸೆ ಅವ್ರೆ, ಅದು ಅರ್ಧ ಸರಿ. ನಿಯಮ ಏನಂದ್ರೆ ಯಾರಿಗೆ ಬಾಫೋಗ್‌ಗೆ (ಓದೋರಿಗೆ ಸರ್ಕಾರ ಕೊಡೋ ನೆರವು) ತಾತ್ವಿಕವಾಗಿ ಹಕ್ಕಿದೆಯೋ ಅವ್ರಿಗೆ ವೋನ್‌ಗೆಲ್ಡ್ ಇಲ್ಲ. ತಾತ್ವಿಕವಾಗಿ ಅನ್ನೋ ಮಾತು ಮುಖ್ಯ. ಅಪ್ಪ ಅಮ್ಮ ಶ್ರೀಮಂತರು, ಹಾಗಾಗಿ ಬಾಫೋಗ್ ಸೊನ್ನೆ ಬಂತು ಅಂದ್ರೂ ಹಕ್ಕು ಇದ್ದಂಗೇ ಲೆಕ್ಕ, ಆ ಜರ್ಮನ್ ಹುಡುಗಂಗೆ ಆಗಿರೋದು ಅದೇ. ಆದ್ರೆ ಇಂಡಿಯಾದಿಂದ ಓದಕ್ಕೆ ಅಂತಲೇ ವೀಸಾ ತಗೊಂಡು ಬಂದೋರಿಗೆ ಬಾಫೋಗ್ ಹಕ್ಕೇ ಇಲ್ಲ, ಹಾಗಾಗಿ ಈ ಬಾಗಿಲು ಮುಚ್ಚಿಲ್ಲ. ನಿಮಗೆ ಹೇಳಿಕೊಟ್ಟ ಆ ಹುಡುಗಿ ತಾನೇ ಹಾಕಿದ್ರೆ ಬಹುಶಃ ಅವಳಿಗೆ ಸಿಗಲ್ಲ, ನಿಮಗೆ ಸಿಗಬಹುದು.

ಇನ್ನು ಮುಖ್ಯ ಪ್ರಶ್ನೆ. ಕುಕ್ಕರ್ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಗಂಡ ಹೆಂಡತಿ, ಲಿವ್ ಇನ್ ಜೋಡಿ, ಮಕ್ಕಳು, ಹತ್ತಿರದ ರಕ್ತಸಂಬಂಧಿಗಳು ಒಟ್ಟಿಗೆ ಇದ್ರೆ ಒಂದು ಕುಟುಂಬ. ಬರೀ ಫ್ಲ್ಯಾಟ್‌ಮೇಟ್‌ಗಳು ಒಂದೇ ಪಾತ್ರೇಲಿ ಉಂಡ್ರೂ ಕುಟುಂಬ ಅಲ್ಲ. ವೇಗೇನಲ್ಲಿ ಪ್ರತಿಯೊಬ್ರೂ ತಮ್ಮ ಪಾಲಿನ ಬಾಡಿಗೆಗೆ ಬೇರೆ ಬೇರೆ ಅರ್ಜಿ ಹಾಕ್ಬೋದು, ತೆಲುಗು ಹುಡುಗನ ಸಂಬಳ ನಿಮ್ಮ ಲೆಕ್ಕಕ್ಕೆ ಬರೋ ಹಾಗಿಲ್ಲ.

ಸಾರಿನಪುಡಿ

ನಮ್ಮ ಕಡೆ ಅಣ್ಣತಮ್ಮ ಪಾಲಾದ್ರು ಅನ್ನೋ ಬದ್ಲು "ಒಲೆ ಬೇರೆ ಮಾಡ್ಕೊಂಡ್ರು" ಅಂತಾರಲ್ಲ, ಅದು ನೆನಪಾಯ್ತು. ರೇಷನ್ ಕಾರ್ಡ್ ಬೇರೆ ಮಾಡಿಸೋವಾಗ ನಮ್ಮ ದೊಡ್ಡಪ್ಪನ ಮನೆಗೆ ಬಂದೋರು ಮೊದ್ಲು ಒಳಗೆ ಹೋಗಿ ಒಲೆ ಎಷ್ಟಿದೆ ಅಂತ ನೋಡಿದ್ರು, ಹಿತ್ತಿಲ ಕಡೆ ಇನ್ನೊಂದು ಗ್ಯಾಸ್ ಸ್ಟವ್ ಇಟ್ಟಿದ್ದಕ್ಕೆ ಸರಿ ಅಂದ್ರು. ಇಲ್ಲಿ ಒಲೆ ನೋಡಲ್ಲ, ಸಂಬಂಧ ನೋಡ್ತಾರೆ. ಮಲ್ನಾಡ್ ಅವ್ರಿಗೆ ಆ ಭಯ ಬಂದಿದ್ದು ಸಹಜವೇ.

ರೈನ್_ದಂಡೆ

ಸಂಬಂಧ ಅಂದ್ರಲ್ಲ, ನಂಗಾದ ಕಥೆ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ನಾನು ನಮ್ಮ ಚಿಕ್ಕಪ್ಪನ ಮಗ ಇಬ್ರೂ ಒಂದೇ ಫ್ಲ್ಯಾಟಲ್ಲಿದ್ವಿ. ನಾವು ಅವನನ್ನ ಯಾವತ್ತೂ ಕಸಿನ್ ಅಂತ ಕರ್ದಿಲ್ಲ, ತಮ್ಮ ಅಂತಲೇ ಅನ್ನೋದು, ಮನೇಲಿ ಎಲ್ರೂ ಹಾಗೇ ಬೆಳ್ದಿದ್ದು. ಫಾರ್ಮಲ್ಲಿ ಸಂಬಂಧ ಅನ್ನೋ ಕಡೆ ಬ್ರೂಡರ್ (ಜರ್ಮನಲ್ಲಿ ಒಡಹುಟ್ಟಿದ ಅಣ್ಣ ತಮ್ಮ) ಅಂತ ಬರ್ದುಬಿಟ್ಟೆ. ಆರು ವಾರ ಆದ್ಮೇಲೆ ಪತ್ರ ಬಂತು, ನಿಮ್ಮ ತಮ್ಮನ ಹನ್ನೆರಡು ತಿಂಗಳ ಸ್ಯಾಲರಿ ಸ್ಲಿಪ್ ಕಳಿಸಿ ಅಂತ. ಅವನಿಗೆ ಒಳ್ಳೆ ಸಂಬಳ, ಕಳಿಸಿದ್ರೆ ನನ್ನ ಅರ್ಜಿ ಅಲ್ಲಿಗೆ ಮುಗೀತು.

ಆಮೇಲೆ ಗೊತ್ತಾಗಿದ್ದು, ಈ ಕಾನೂನಲ್ಲಿ ಒಡಹುಟ್ಟಿದ ಅಣ್ಣ ತಮ್ಮ ಅಕ್ಕ ತಂಗಿ ಒಂದೇ ಮನೇಲಿದ್ರೆ ಒಂದು ಕುಟುಂಬ. ಸೋದರಮಾವ, ಚಿಕ್ಕಪ್ಪ ಇದ್ರೂ ಅಷ್ಟೇ, ಭಾವಮೈದ ಇದ್ರೂ ಅಷ್ಟೇ. ಆದ್ರೆ ಚಿಕ್ಕಪ್ಪನ ಮಗ ನಾಲ್ಕನೇ ಹಂತದ ಸಂಬಂಧ, ಅವನು ಲೆಕ್ಕಕ್ಕಿಲ್ಲ, ಮೂರನೇ ಹಂತಕ್ಕೇ ನಿಲ್ಲತ್ತೆ. ಅಪ್ಪಂಗೆ ಫೋನ್ ಮಾಡಿ ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ ಅಂತ ಗೋಳಾಡಿದೆ. ಅದು ಬರೋಷ್ಟರಲ್ಲಿ ಇಬ್ರ ಪಾಸ್‌ಪೋರ್ಟ್ ಕೊನೆ ಪುಟ ಝೆರಾಕ್ಸ್ ಮಾಡಿ ಕಳಿಸಿದ್ವಿ, ಅಲ್ಲಿ ಅಪ್ಪ ಅಮ್ಮನ ಹೆಸರು ಇರತ್ತಲ್ಲ, ಇಬ್ರದೂ ಬೇರೆ ಬೇರೆ. ಜೊತೆಗೆ ಒಂದು ಬಿಳಿ ಹಾಳೆ ಮೇಲೆ ಅಜ್ಜ, ಅಜ್ಜನಿಂದ ಇಬ್ರು ಮಕ್ಕಳು, ಅವರಿಂದ ನಾವು ಅಂತ ಗೆರೆ ಎಳ್ದು ತೋರ್ಸಿದ್ದೆ. ಒಪ್ಕೊಂಡ್ರು. ಆದ್ರೆ ಆ ಒಂದು ಪದದಿಂದ ನಂಗೆ ಮೂರು ತಿಂಗಳು ತಡ ಆಯ್ತು, ಅಷ್ಟೂ ದಿನ ಬಾಡಿಗೆಗೆ ಸಾಲ ಮಾಡಿದೀನಿ.

ಬೆಣ್ಣೆದೋಸೆ88

ಅಯ್ಯೋ ನಮ್ಮ ಮನೇಲೂ ಎಲ್ಲಾ ಕಸಿನ್ಸೂ ಅಣ್ಣ ತಮ್ಮಾನೇ. ಇದು ಎಲ್ರಿಗೂ ಆಗೋ ತಪ್ಪು.

ಹುಬ್ಳಿ_ಮಂದಿ

ಬಸವನಗುಡಿಯವ್ರ, ಒಲಿ, ತಮ್ಮ ಎಲ್ಲಾ ಖರೆ. ಆದ್ರ ಪರ್ಮಿಟ್ ಬಗ್ಗೆ ಯಾರೂ ಮಾತಾಡವಲ್ರಿ. ನಾ ಸುಮ್ನ ಹೆದರ್ಸಾಕತ್ತಿಲ್ಲ. ರೆಸಿಡೆನ್ಸ್ ಕಾನೂನಿನ ಎರಡನೇ ಸೆಕ್ಷನ್ ಓದ್ರಿ. ಸರ್ಕಾರದ ರೊಕ್ಕ ತಗೊಳ್ಳಾರ್ದ ಬದುಕು ನಡಿಸಬೇಕು ಅಂತ ಐತಿ. ಯಾವುದನ್ನ ತಗೊಂಡ್ರ ತಪ್ಪಲ್ಲ ಅಂತ ಒಂದು ಪಟ್ಟಿ ಕೊಟ್ಟಾರ: ಕಿಂಡರ್‌ಗೆಲ್ಡ್, ಕಿಂಡರ್‌ಸುಷ್ಲಾಗ್ (ಎರಡೂ ಮಕ್ಕಳ ಭತ್ಯೆ), ಎಲ್ಟರ್ನ್‌ಗೆಲ್ಡ್ (ಮಗು ಹುಟ್ಟಿದಾಗ ತಂದಿತಾಯಿಗೆ ಕೊಡಾದು), ಬಾಫೋಗ್, ನಾವು ಕಂತು ಕಟ್ಟಿ ಗಳಿಸಿದ ನಿರುದ್ಯೋಗ ವಿಮಾ ಅಂಥಾವು. ಆ ಪಟ್ಟಿಯೊಳಗ ವೋನ್‌ಗೆಲ್ಡ್ ಹೆಸರು ಇಲ್ಲ. ಇಲ್ಲ ಅಂದ್ರ ಇಲ್ಲ.

ಬರ್ಲಿನ್_ಬಸವನಗುಡಿ

ಹೌದು, ಪಟ್ಟೀಲಿ ಇಲ್ಲ, ಅದು ನಿಜ, ಒಪ್ತೀನಿ. ಅದರ ಅರ್ಥ ವೋನ್‌ಗೆಲ್ಡ್ ದುಡ್ಡನ್ನ ತೋರ್ಸಿ "ನೋಡಿ ನಂಗೆ ಜೀವನ ಮಾಡಕ್ಕೆ ಇಷ್ಟು ಬರತ್ತೆ" ಅನ್ನೋ ಹಾಗಿಲ್ಲ. ಅದನ್ನ ಬಿಟ್ಟೇ ನಿಮ್ಮ ಲೆಕ್ಕ ಸರಿಹೋಗ್ಬೇಕು. ಸ್ಟೂಡೆಂಟ್ ಈಗ ತಿಂಗಳಿಗೆ 992 ಯೂರೋ ತೋರ್ಸ್ಬೇಕು, ವರ್ಷಕ್ಕೆ 11,904. ಮಲ್ನಾಡ್ ಅವ್ರಿಗೆ 556 ಪ್ಲಸ್ 300, ಒಟ್ಟು 856. ತಿಂಗಳಿಗೆ 136 ಕಮ್ಮಿ, ವರ್ಷಕ್ಕೆ 1,632. ಬ್ಯಾಂಕಲ್ಲಿ ಅಷ್ಟು ಉಳಿತಾಯ ಇದೆಯಾ? ಇದ್ರೆ ನಿಮ್ಮ ಪರಿಸ್ಥಿತಿ ಬೇರೆ, ಇಲ್ದಿದ್ರೆ ಹುಬ್ಳಿಯವ್ರು ಹೇಳಿದ ಅಪಾಯ ಪೂರ್ತಿ ನಿಜ.

ಮಲ್ನಾಡ್_ಮಳೆ

ಉಳಿತಾಯ ಇದೆ, 2,100 ಯೂರೋ. ಮೊದ್ಲ ವರ್ಷದ ಬ್ಲಾಕ್ಡ್ ಅಕೌಂಟಿಂದ (ವೀಸಾಗೆ ಅಂತ ಮೊದ್ಲೇ ದುಡ್ಡು ಇಡೋ ಖಾತೆ) ಉಳಿಸಿದ್ದು. ಊರಿಗೆ ಹೋಗೋ ಟಿಕೆಟ್‌ಗೆ ಅಂತ ಮುಟ್ಟದೆ ಇಟ್ಟಿದ್ದೆ, ಎರಡು ವರ್ಷ ಆಯ್ತು ಅಮ್ಮನ್ನ ನೋಡಿ. ಈ ದುಡ್ಡು ಇದೆ ಅಂತ ವೋನ್‌ಗೆಲ್ಡ್ ಕೊಡಲ್ಲ ಅಂದ್ಬಿಡ್ತಾರಾ?

ಮ್ಯೂನಿಕ್_ಮಂಡ್ಯ

ಇಲ್ಲ ಕಣಮ್ಮ. ಒಬ್ರಿಗೆ 60,000 ಯೂರೋವರೆಗೂ ಆಸ್ತಿ ಇದ್ರೂ ಪರವಾಗಿಲ್ಲ, ಅದ್ರ ಮೇಲಿದ್ರೆ ಮಾತ್ರ ಕೊಡಲ್ಲ. ನಿನ್ನ ಎರಡು ಸಾವಿರ ಅವ್ರಿಗೆ ಲೆಕ್ಕವೇ ಅಲ್ಲ. ಆದ್ರೆ ಅಪ್ಪ ಕಳ್ಸೋ 300ನ್ನ ಮುಚ್ಚಿಡ್ಬೇಡ, ಮನೆಯಿಂದ ತಿಂಗಳು ತಿಂಗಳು ಬರೋ ದುಡ್ಡು ಆದಾಯ ಅಂತಲೇ ಬರೀಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳೇ ಕೇಳ್ತಾರೆ.

ಇನ್ನೊಂದು ತಿಳ್ಕೋ. ಆದಾಯ ಜಾಸ್ತಿ ಇದ್ರೆ ಹೆಂಗೆ ಕೊಡಲ್ವೋ ತೀರಾ ಕಮ್ಮಿ ಇದ್ರೂ ಹಂಗೇ ಕೊಡಲ್ಲ. ಇದು ಹೊಟ್ಟೆಪಾಡಿನ ದುಡ್ಡಲ್ಲ, ಬಾಡಿಗೆಗೆ ಒತ್ತಾಸೆ ಅಷ್ಟೇ. ಊಟ ತಿಂಡಿಗೆ ಸರ್ಕಾರದ ಮೂಲ ಭತ್ಯೆ ಲೆಕ್ಕದಲ್ಲಿ 563 ಯೂರೋ ಇಟ್ಕೋತಾರೆ, ಅದ್ರ ಮೇಲೆ ನಿನ್ನ ಬಾಡಿಗೆ. ನಿನ್ನತ್ರ ಬರೋ ದುಡ್ಡಲ್ಲಿ ಇದು ಹೆಚ್ಚುಕಮ್ಮಿ ನಡಿಯತ್ತೆ ಅಂತ ಅವ್ರಿಗೆ ನಂಬಿಕೆ ಬರ್ಬೇಕು. ಉಳಿತಾಯದಿಂದ ತಿಂಗಳಿಗೆ ಇಷ್ಟು ತೆಗೀತೀನಿ ಅಂತ ಒಂದು ಕಾಗದದಲ್ಲಿ ಬರ್ದುಕೊಡು.

ಥೇಮ್ಸ್_ತುಂಗೆ

ನಾನು ಯುಕೆನಲ್ಲಿದೀನಿ, ಇಲ್ಲಿಯವ್ರು ಯಾರಾದ್ರೂ ಇದನ್ನ ಓದಿ ಅಪ್ಲೈ ಮಾಡ್ಬೇಡಿ ಅಂತ ಹೇಳಕ್ಕೆ ಬಂದೆ. ಇಲ್ಲಿ ಸ್ಟೂಡೆಂಟ್ ಅಥವಾ ಸ್ಕಿಲ್ಡ್ ವರ್ಕರ್ ವೀಸಾದವ್ರಿಗೆ ಪಬ್ಲಿಕ್ ಫಂಡ್ಸ್ ಮುಟ್ಟೋ ಹಾಗಿಲ್ಲ ಅಂತ ವೀಸಾ ಷರತ್ತಲ್ಲೇ ಬರ್ದಿರತ್ತೆ, ಹೌಸಿಂಗ್ ಬೆನಿಫಿಟ್ ಯೂನಿವರ್ಸಲ್ ಕ್ರೆಡಿಟ್ ಎರಡೂ ಅದರಲ್ಲಿ ಬರತ್ತೆ. ಪರ್ಮನೆಂಟ್ ಸಿಕ್ಕಿದ ಮೇಲೆ ಹಾಕಿದ್ರೂ 35 ವರ್ಷದ ಒಳಗಿನ ಒಂಟಿ ಜನಕ್ಕೆ ಸಾಮಾನ್ಯವಾಗಿ ಹಂಚಿಕೊಂಡ ಮನೆಯ ಒಂದು ರೂಮಿನ ದರ ಮಾತ್ರ ಲೆಕ್ಕ ಹಾಕೋದು, ನೀವು ಇಡೀ ಫ್ಲ್ಯಾಟ್ ತಗೊಂಡಿದ್ರೂ. ದೇಶದಿಂದ ದೇಶಕ್ಕೆ ತುಂಬಾ ಬೇರೆ.

ಹುಬ್ಳಿ_ಮಂದಿ

ನೋಡ್ರಿ, ನಾ ಹೇಳಿದ್ದೂ ಅದ.

ಬರ್ಲಿನ್_ಬಸವನಗುಡಿ

ಯುಕೆ ಬೇರೆ ಸ್ವಾಮಿ, ಈಗಷ್ಟೇ ಅವ್ರೇ ಹೇಳಿದ್ರು! ಜರ್ಮನಿ ವೋನ್‌ಗೆಲ್ಡ್ ಕಾನೂನಲ್ಲಿ ರೆಸಿಡೆನ್ಸ್ ಪರ್ಮಿಟ್ ಇರೋ ವಿದೇಶೀಯರಿಗೂ ಹಕ್ಕಿದೆ ಅಂತ ನೇರವಾಗಿ ಬರ್ದಿದಾರೆ.

ಹುಬ್ಳಿ_ಮಂದಿ

ವೋನ್‌ಗೆಲ್ಡ್ ಆಫೀಸ್ ಕೊಡತೈತಿ, ಆದ್ರ ಪರ್ಮಿಟ್ ಕೊಡಾವ ಇನ್ನೊಂದು ಆಫೀಸ್‌ನ್ಯಾವ. ಹಕ್ಕು ಐತಿ ಅನ್ನೋದು ಬ್ಯಾರೆ, ತಗೊಂಡ ಮ್ಯಾಲೆ ಏನಾಗ್ತೈತಿ ಅನ್ನೋದು ಬ್ಯಾರೆ. ನನ್ನ ಗೆಳ್ಯಾ ಒಬ್ಬಾವ ರಿನ್ಯೂವಲ್‌ಕ ಹೋದಾಗ ಖಾತೆಯೊಳಗ ವೋನ್‌ಗೆಲ್ಡ್ ಜಮಾ ಆಗಿದ್ದು ನೋಡಿ ಟೇಬಲ್ ಮುಂದ ಕುಂದ್ರಿಸಿ ಮುಕ್ಕಾಲು ತಾಸು ಪ್ರಶ್ನೆ ಕೇಳಿದ್ರು. ಮೂರು ತಿಂಗಳಿನ ತಾತ್ಕಾಲಿಕ ಕಾಗದ ಕೊಟ್ಟು ಕಳಿಸಿದ್ರು. ಆ ಮೂರು ತಿಂಗಳು ಅವಂಗ ನಿದ್ದಿ ಇರಲಿಲ್ರಿ, ನಾ ಕಣ್ಣಾರೆ ನೋಡೀನಿ. ಅದಕ್ಕ ಹೇಳಾಕತ್ತೀನಿ.

ಸಾರಿನಪುಡಿ

ಆಮೇಲೆ ಸಿಕ್ತಾ ಅವ್ರಿಗೆ?

ಹುಬ್ಳಿ_ಮಂದಿ

ಸಿಕ್ಕಿತು. ಮಾವ ರೊಕ್ಕ ಹಾಕಿ ಬ್ಲಾಕ್ಡ್ ಅಕೌಂಟ್ ತುಂಬಿಸಿಕೊಟ್ಟ ಮ್ಯಾಲೆ.

ತ್ಯೂಬಿಂಗನ್_ತುಮ್ಕೂರು

ಹುಬ್ಳಿಯವ್ರ ಮಾತನ್ನ ತಳ್ಳಿಹಾಕ್ಬೇಡಿ, ಆದ್ರೆ ಅದನ್ನೇ ಕೊನೆ ಮಾತು ಅಂತಾನೂ ತಗೋಬೇಡಿ. ನಿಮ್ಮ ಯೂನಿವರ್ಸಿಟಿ ಊರಲ್ಲಿ ಸ್ಟೂಡಿಯೆರೆಂಡನ್‌ವೆರ್ಕ್ ಇರತ್ತೆ, ಮೆನ್ಸಾ (ಕ್ಯಾಂಟೀನ್) ನಡ್ಸೋರೇ, ಅವ್ರಲ್ಲೇ ಸೋಶಿಯಲ್ ಕೌನ್ಸೆಲಿಂಗ್ ಅಂತ ಒಂದು ವಿಭಾಗ. ಒಂದು ಪೈಸೆ ತಗೊಳ್ಳಲ್ಲ. ಪರ್ಮಿಟ್, ಕಾಂಟ್ರಾಕ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡ್ಕೊಂಡು ಹೋಗಿ ಕೂತು ಕೇಳಿ. ಪರ್ಮಿಟ್ ಕೊಡೋ ನಿಮ್ಮ ಊರಿನ ವಿದೇಶಿಯರ ಕಚೇರಿ ಹೇಗೆ ನಡ್ಕೊಳ್ಳತ್ತೆ ಅಂತ ಅವ್ರಿಗೆ ದಿನನಿತ್ಯದ ಅನುಭವ ಇರತ್ತೆ, ನಮಗ್ಯಾರಿಗೂ ಇಲ್ಲ.

ಆದ್ರೆ ಕಾಯ್ತಾ ಕೂತ್ಕೋಬೇಡಿ. ವೋನ್‌ಗೆಲ್ಡ್ ಹಿಂದಿನ ತಿಂಗಳಿಗೆ ಸಿಗಲ್ಲ, ಅರ್ಜಿ ತಲುಪಿದ ತಿಂಗಳ ಒಂದನೇ ತಾರೀಖಿಂದ ಮಾತ್ರ. ಕೌನ್ಸೆಲಿಂಗ್ ಆದ ತಕ್ಷಣ, ಹಾಕೋದು ಅಂತ ತೀರ್ಮಾನ ಮಾಡಿದ್ರೆ, ತಿಂಗಳು ಮುಗಿಯೋದ್ರೊಳಗೆ ಒಂದು ಬಿಳಿ ಹಾಳೇಲಿ "ನಾನು ವೋನ್‌ಗೆಲ್ಡ್‌ಗೆ ಅರ್ಜಿ ಹಾಕ್ತಿದೀನಿ" ಅಂತ ಹೆಸರು ವಿಳಾಸ ತಾರೀಖು ಸಹಿ ಹಾಕಿ ಕೊಟ್ಬಿಡಿ. ಅಷ್ಟೇ ಸಾಕು, ತಾರೀಖು ಹಿಡ್ದಂಗಾಯ್ತು. ಫಾರ್ಮು, ಬಾಡಿಗೆ ಪ್ರಮಾಣಪತ್ರ, ಸ್ಲಿಪ್ಪು ಎಲ್ಲಾ ಆಮೇಲೆ ಕೊಡ್ಬೋದು. ನಾನು 31ನೇ ತಾರೀಖು ರಾತ್ರಿ ಕಚೇರಿಯ ಹೊರಗಿರೋ ಅಂಚೆ ಡಬ್ಬಿಗೆ ಲಕೋಟೆ ಹಾಕಿ ಬಂದಿದ್ದೆ, ಫೋಟೋನೂ ತೆಗೆದಿಟ್ಕೊಂಡಿದ್ದೆ, ಆ ತಿಂಗಳಿಂದಲೇ ಕೊಟ್ರು.

ಕೀಲ್_ಕರಾವಳಿ

ನನ್ನದೂ ಒಂದು ಉಂಟು ಮಾರಾಯ್ರೆ. ನಮ್ಮ ವೇಗೇಲಿ ಮನೆ ಕಾಂಟ್ರಾಕ್ಟ್ ಇದ್ದದ್ದು ಒಬ್ಬನ ಹೆಸರಲ್ಲಿ ಮಾತ್ರ, ನಾವು ಇಬ್ರು ಅವನ ಕೆಳಗೆ ಉಪಬಾಡಿಗೆ. ವೋನ್‌ಗೆಲ್ಡ್‌ಗೆ ಬಾಡಿಗೆ ಪ್ರಮಾಣಪತ್ರಕ್ಕೆ ಸಹಿ ಬೇಕು ಅಂತ ಅವನ ಹತ್ರ ಹೋದ್ರೆ ಇವತ್ತು ನಾಳೆ ಅಂತ ಎರಡು ತಿಂಗಳು ತಳ್ಳಿದ. ಕೊನೆಗೆ ಗೊತ್ತಾದದ್ದು ಏನು, ಇಡೀ ಮನೆಗೆ ಅವನು ಓನರಿಗೆ ಕೊಡ್ತಾ ಇದ್ದದ್ದು 900, ನಮ್ಮಿಬ್ಬರಿಂದ ತಗೊಳ್ತಾ ಇದ್ದದ್ದು 840. ಅಂದ್ರೆ ಅವ ಅರುವತ್ತು ಯೂರೋದಲ್ಲಿ ದೊಡ್ಡ ರೂಮಲ್ಲಿ ಬಾಲ್ಕನಿ ಸಮೇತ ಇದ್ದ. ಸಹಿ ಹಾಕಿದ್ರೆ ಅದು ಕಾಗದದ ಮೇಲೆ ಬರ್ತದೆ, ಹಾಗೆ ತಪ್ಪಿಸಿಕೊಳ್ತಾ ಇದ್ದ.

ನಾವು ಏನು ಮಾಡಿದ್ದು ಅಂದ್ರೆ, ಉಪಬಾಡಿಗೆ ಕಾಂಟ್ರಾಕ್ಟಿನ ಪ್ರತಿ ಮತ್ತೆ ಮೂರು ತಿಂಗಳು ಬ್ಯಾಂಕಿಂದ ಬಾಡಿಗೆ ಕಟ್ಟಿದ ದಾಖಲೆ ಕೊಟ್ಟದ್ದು. ಅದನ್ನೇ ತಗೊಂಡ್ರು. ಹಾಗಾಗಿ ಬಾಡಿಗೆ ಯಾವತ್ತೂ ಕೈಯಲ್ಲಿ ನಗದು ಕೊಡ್ಬೇಡಿ. ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಮಾಡ್ಲಿಕ್ಕೆ ಬಿಡದ ಮನೆಗಂತೂ ಹೋಗ್ಲೇ ಬೇಡಿ, ಆ ವಿಳಾಸದಲ್ಲಿ ನೀವು ಇದ್ದೀರಿ ಅಂತ ದಾಖಲೆಯೇ ಇಲ್ಲದ ಮೇಲೆ ವೋನ್‌ಗೆಲ್ಡ್ ಎಲ್ಲಿಂದ ಬರುವುದು.

ಬೆಣ್ಣೆದೋಸೆ88

840? ಮೈ ಉರಿಯತ್ತೆ ಕೇಳಿದ್ರೆ. ನಮ್ಮವ್ನೇನಾ ಅವನು?

ಕೀಲ್_ಕರಾವಳಿ

ಯಾವ ಊರಿನವ ಅಂತ ಹೇಳುದಿಲ್ಲ, ಅದು ಮುಖ್ಯ ಅಲ್ಲ. ರೇಡಿಯೋ ಟಿವಿ ಫೀಸು ಕೂಡ ನಮ್ಮ ಇಬ್ರಿಂದ್ಲೂ ಬೇರೆ ಬೇರೆ ವಸೂಲಿ ಮಾಡ್ತಿದ್ದ.

ಮೈಸೂರ್_ಮಲ್ಲಿಗೆ_ಬಾನ್

ಅದೇನು! ರುಂಡ್‌ಫುಂಕ್ ಫೀಸು ಇಡೀ ಮನೆಗೆ ಒಂದೇ, ತಿಂಗಳಿಗೆ 18.36 ಯೂರೋ, ಎಷ್ಟು ಜನ ಇದ್ರೂ ಅಷ್ಟೇ. ಒಬ್ರು ಕಟ್ಟಿದ್ರೆ ಉಳಿದವ್ರು ಅವರ ನಂಬರ್ ಬರ್ದು ನಾವು ಇಲ್ಲೇ ಇದೀವಿ ಅಂತ ತಿಳಿಸಿದ್ರಾಯ್ತು. ನಾಲ್ಕು ಜನ ಇದ್ರೆ ತಲೆಗೆ 4.59. ಇದು ಗೊತ್ತಿಲ್ದೆ ಎಷ್ಟು ಜನ ಹುಡುಗ್ರು ಒಂದೇ ಮನೇಲಿ ಎರಡೆರಡು ಸಲ ಕಟ್ಟಿದಾರೋ.

ಸಾರಿನಪುಡಿ

ಬೆಂಗ್ಳೂರಲ್ಲಿ ನನ್ನ ತಂಗಿ ಮೂರು ಜನದ ಜೊತೆ ಫ್ಲ್ಯಾಟಲ್ಲಿದಾಳೆ. 2023ರಲ್ಲಿ ಗೃಹಜ್ಯೋತಿ ಬಂದಾಗ ಅಲ್ಲೂ ಇದೇ ಪ್ರಶ್ನೆ, ಬಾಡಿಗೆಯವ್ರು ಯಾರ ಆಧಾರ್ ಕೊಡೋದು, ಹಿಂದೆ ಇದ್ದೋರ ಹೆಸರು ತೆಗ್ಸೋದು ಹೇಗೆ. ಒಂದು ಮೀಟರಿಗೆ ಒಬ್ರು. ಹಂಚ್ಕೊಂಡು ಬದುಕೋರಿಗೆ ಫಾರ್ಮಲ್ಲಿ ಜಾಗನೇ ಇಡಲ್ಲ ಎಲ್ಲೂ.

ಮೈಸೂರ್_ಮಲ್ಲಿಗೆ_ಬಾನ್

ನಿಜ. ಒಂಟಿ ಹುಡುಗಿಯರಿಗಂತೂ ಇನ್ನೂ ಕಷ್ಟ. ನಾನು ಮತ್ತೆ ನನ್ನ ಆಫೀಸಿನ ಒಬ್ಬ ಹುಡುಗ ಎರಡು ರೂಮಿನ ಮನೆ ಹಂಚ್ಕೊಂಡಿದ್ವಿ, ನಮ್ಮಿಬ್ರ ಮಧ್ಯೆ ಏನೂ ಇಲ್ಲ, ಅವನಿಗೆ ಊರಲ್ಲಿ ನಿಶ್ಚಿತಾರ್ಥ ಆಗಿತ್ತು. ನಾನು ಆಗ ಅರ್ಧ ದಿನದ ಕೆಲಸ ಮಾಡ್ತಿದ್ದೆ, ಅರ್ಜಿ ಹಾಕಿದೆ. ಒಂದು ವರ್ಷಕ್ಕಿಂತ ಜಾಸ್ತಿ ಒಟ್ಟಿಗೆ ಇದೀರಿ, ಜೋಡಿ ಅಂತ ಊಹೆ ಮಾಡ್ತೀವಿ, ಅಲ್ಲ ಅಂದ್ರೆ ತೋರ್ಸಿ ಅಂತ ಪತ್ರ. ಓದಿ ಕಣ್ಣಲ್ಲಿ ನೀರು ಬಂತು, ಅಮ್ಮ ಕೇಳಿದ್ರೆ ಏನು ಹೇಳೋದು ಅಂತ. ಆಮೇಲೆ ಗೊತ್ತಾಯ್ತು ಅದು ಅವ್ರು ಬೈದಿದ್ದಲ್ಲ, ಕಾನೂನಲ್ಲೇ ಹಾಗೊಂದು ಊಹೆ ಇದೆ, ನಾವು ಅಲ್ಲ ಅಂತ ತೋರ್ಸಿದ್ರೆ ಬಿದ್ದು ಹೋಗತ್ತೆ ಅಂತ.

ಇಬ್ರ ಕಾಂಟ್ರಾಕ್ಟು ಬೇರೆ, ಬ್ಯಾಂಕ್ ಬೇರೆ, ರೂಮಿಗೆ ಬೇರೆ ಬೇರೆ ಬೀಗ, ಫ್ರಿಜ್ಜಲ್ಲಿ ಮೇಲಿನ ಎರಡು ಅರೆ ನಂದು ಕೆಳಗಿನದು ಅವಂದು ಅಂತ ಹೆಸರು ಬರ್ದು ಟೇಪ್ ಅಂಟಿಸಿದ್ದು, ಇದೆಲ್ಲ ಇಬ್ರೂ ಬೇರೆ ಬೇರೆ ಪತ್ರದಲ್ಲಿ ಬರ್ದು ಸಹಿ ಹಾಕಿ ಕೊಟ್ವಿ. ಅವನು ತನ್ನ ನಿಶ್ಚಿತಾರ್ಥದ ಫೋಟೋನೂ ಇಟ್ಟ ಪಾಪ. ಒಪ್ಕೊಂಡ್ರು. ಹೆಣ್ಣುಮಕ್ಕಳು ಈ ಪತ್ರ ಬಂದ್ರೆ ಹೆದರ್ಬೇಡಿ, ಉತ್ತರ ಬರೀರಿ, ಸುಮ್ನೆ ಬಿಟ್ರೆ ಮಾತ್ರ ಅವ್ರು ಊಹಿಸಿದ್ದೇ ಆಗತ್ತೆ.

ಮಲ್ನಾಡ್ ಅವ್ರೆ, ನಿಮ್ಮ ತೆಲುಗು ಫ್ರೆಂಡ್ ಜೊತೆ ರೇಷನ್‌ಗೆ ಅಂತ ಜಾಯಿಂಟ್ ಅಕೌಂಟ್ ಏನಾದ್ರೂ ಇದ್ರೆ ಮೊದ್ಲು ಕ್ಲೋಸ್ ಮಾಡಿ. ಒಬ್ರ ದುಡ್ಡನ್ನ ಇನ್ನೊಬ್ರು ತೆಗೀಬೋದು ಅನ್ನೋದೇ ಅವ್ರು ನೋಡೋ ಗುರುತುಗಳಲ್ಲಿ ಒಂದು. ಆಪ್‌ನಲ್ಲಿ ಲೆಕ್ಕ ಹಾಕಿ ಹಂಚ್ಕೊಳ್ಳೋದಕ್ಕೆ ಏನೂ ತೊಂದ್ರೆ ಇಲ್ಲ.

ಮಲ್ನಾಡ್_ಮಳೆ

ಜಾಯಿಂಟ್ ಅಕೌಂಟ್ ಇಲ್ಲ ಅಕ್ಕ, ಆಪಲ್ಲೇ ಲೆಕ್ಕ. ಕುಕ್ಕರ್ ಮಾತ್ರ ಜಾಯಿಂಟು, ಅದೂ ದಾವಣಗೆರೆಯವ್ಳದ್ದು.

ದಕ್ಷಿಣ_ದ್ರುವ

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ಇಲ್ಲಿಗೆ ಓದಕ್ಕೆ ಬಂದೋರು. ಫೀಸು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಅದನ್ನೇ ಇಲ್ಲಿನ ಜನರ ತೆರಿಗೆ ದುಡ್ಡಲ್ಲಿ ಕೊಡ್ತಿದಾರೆ. ಅದ್ರ ಮೇಲೆ ಬಾಡಿಗೆನೂ ಕೇಳೋದು ಸರಿನಾ? ನಾನಂತೂ ಗೋದಾಮಲ್ಲಿ ರಾತ್ರಿ ಪಾಳಿ ಮಾಡಿ ಓದಿದೆ, ಒಂದು ದಿನ ಯಾರ ಹತ್ರನೂ ಕೈ ಚಾಚಿಲ್ಲ.

ಮ್ಯೂನಿಕ್_ಮಂಡ್ಯ

ನಿನ್ನ ಕಷ್ಟಕ್ಕೆ ಕೈ ಮುಗೀತೀನಿ ಕಣಪ್ಪ. ಆದ್ರೆ ಇದು ಭಿಕ್ಷೆ ಅಲ್ಲ. 1965ರಿಂದ ಇರೋ ಕಾನೂನು, ಕಮ್ಮಿ ಸಂಬಳದಲ್ಲಿ ದುಡಿಯೋರಿಗೆ, ಪೆನ್ಷನ್ ಸಾಲದ ಮುದುಕರಿಗೆ ಅಂತಲೇ ಮಾಡಿದ್ದು. 2023ರ ಜನವರಿಲಿ ದೊಡ್ಡದಾಗಿ ವಿಸ್ತರಣೆ ಮಾಡಿದ್ರು, ಆ ವರ್ಷದ ಕೊನೆಗೆ ಸುಮಾರು 12 ಲಕ್ಷ ಮನೆಗಳು ತಗೋತಿದ್ವು. ಅದ್ರಲ್ಲಿ ಬಸ್ ಓಡ್ಸೋರು, ಬೇಕರಿಲಿ ನಿಂತಿರೋರು ಎಲ್ಲಾ ಇದಾರೆ. ನಮ್ಮ ಮನೆಗೂ ಎರಡು ವರ್ಷ ಬರ್ತಿತ್ತು, ಮಗು ಹುಟ್ದಾಗ ನನ್ನ ಹೆಂಡ್ತಿ ಕೆಲಸ ಬಿಟ್ಟಿದ್ಲು. ಊರಲ್ಲಿ ಬಾಡಿಗೆ ಎಷ್ಟು ದುಬಾರಿ ಅಂತ ಹಾಕೋ ದರ್ಜೇಲಿ ಮ್ಯೂನಿಕ್ ಏಳನೇದು, ಅದ್ರ ಮೇಲೆ ಇನ್ನೊಂದಿಲ್ಲ. ಇವತ್ತು ನಾನು ತಿಂಗಳಿಗೆ ಕಟ್ಟೋ ತೆರಿಗೆ ಆಗ ಬಂದಿದ್ದಕ್ಕಿಂತ ಜಾಸ್ತಿ. ಹುಡುಗಿ ಥೀಸಿಸ್ ಮುಗ್ಸಿ ಕೆಲಸಕ್ಕೆ ಸೇರಿದ್ರೆ ಅವಳೂ ಕಟ್ತಾಳೆ. ಆರು ತಿಂಗಳು ಉಸಿರು ಬಿಡಕ್ಕೆ ಜಾಗ ಸಿಕ್ರೆ ಓದು ಮುಗಿಯತ್ತೆ, ಇಲ್ದಿದ್ರೆ ಅವಳೂ ಗೋದಾಮಿಗೆ ಹೋಗಿ ಥೀಸಿಸ್ ಇನ್ನೊಂದು ವರ್ಷ ಎಳ್ಯತ್ತೆ.

ದಕ್ಷಿಣ_ದ್ರುವ

ಎಳೀತು ನಂದೂ. ಒಂದೂವರೆ ವರ್ಷ ಜಾಸ್ತಿ ಆಯ್ತು. ಇರ್ಲಿ, ನಿಮ್ಮ ಮಾತೂ ಸರಿ. ಹಾಕಮ್ಮ, ಪರ್ಮಿಟ್ ನೋಡ್ಕೊಂಡು ಹಾಕು.

ತ್ಯೂಬಿಂಗನ್_ತುಮ್ಕೂರು

ಬಾಡಿಗೆ ಬಗ್ಗೆ ಒಂದು ಬಿಟ್ಟೋಗಿತ್ತು. 380 ವಾರ್ಮ್ ಅಂದ್ರಿ, ಅದ್ರಲ್ಲಿ ಹೀಟಿಂಗ್ ಎಷ್ಟು ಅಂತ ಕಾಂಟ್ರಾಕ್ಟಲ್ಲಿ ಬೇರೆ ಇದೆಯಾ ನೋಡಿ. ವೋನ್‌ಗೆಲ್ಡ್ ಲೆಕ್ಕಕ್ಕೆ ಹೀಟಿಂಗು, ಕರೆಂಟು, ಇಂಟರ್ನೆಟ್ಟು ಬರಲ್ಲ, ಹೀಟಿಂಗ್‌ಗೆ ಅಂತ ಒಂದು ನಿಗದಿ ಮೊತ್ತ ಅವ್ರೇ ಸೇರಿಸ್ತಾರೆ. ಮಂಚ ಮೇಜು ಸಮೇತ ರೂಮು ಆದ್ರೆ ಅದ್ರ ಪಾಲೂ ಕಳೀತಾರೆ. ಅಂದಾಜಿಗೆ ಕೇಂದ್ರ ವಸತಿ ಸಚಿವಾಲಯದ ವೆಬ್‌ಸೈಟಲ್ಲೇ ಕ್ಯಾಲ್ಕುಲೇಟರ್ ಇದೆ, ಮನೆಯವ್ರ ಸಂಖ್ಯೆ ಕೇಳಿದ ಕಡೆ ಒಂದು ಅಂತ ಹಾಕಿ, ನಾಲ್ಕು ಅಂತ ಅಲ್ಲ.

ಮಲ್ನಾಡ್_ಮಳೆ

ಹೀಟಿಂಗ್ 50 ಬೇರೆ ತೋರ್ಸಿದಾರೆ. ಹಾಗಾದ್ರೆ ಲೆಕ್ಕಕ್ಕೆ 330. ಎಲ್ರಿಗೂ ತುಂಬಾ ಥ್ಯಾಂಕ್ಸ್, ನಾಳೆ ಬೆಳಿಗ್ಗೆನೇ ಅಪಾಯಿಂಟ್‌ಮೆಂಟ್ ತಗೋತೀನಿ.

ಮಲ್ನಾಡ್_ಮಳೆ

ಐದು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ ಅಂದಿದ್ದೆ ಕೆಲವ್ರಿಗೆ.

ಕೌನ್ಸೆಲಿಂಗಲ್ಲಿ ಒಬ್ರು ಹೆಂಗಸು ಒಂದು ಗಂಟೆ ಕೂರಿಸಿ ಎಲ್ಲಾ ಕಾಗದ ನೋಡಿದ್ರು. ಬಸವನಗುಡಿಯವ್ರು ಹಾಕಿದ ಲೆಕ್ಕವನ್ನೇ ಅವ್ರೂ ಹಾಕಿದ್ರು, 992ಕ್ಕೆ 136 ಕಮ್ಮಿ, ಉಳಿತಾಯದಿಂದ ತುಂಬತ್ತೆ. ಆದ್ರೆ ಹುಬ್ಳಿಯವ್ರು ಹೇಳಿದ್ದನ್ನ ಅವ್ರು ಇನ್ನೂ ಗಟ್ಟಿಯಾಗಿ ಹೇಳಿದ್ರು, ಮೊದ್ಲು ವಿದೇಶಿಯರ ಕಚೇರಿಗೆ ಇಮೇಲ್ ಬರೆದು ಲಿಖಿತ ಉತ್ತರ ತಗೋ ಅಂತ. ಅವ್ರೇ ಜೊತೇಲಿ ಕೂತು ಬರೆಸಿದ್ರು. ಒಂಬತ್ತು ದಿನಕ್ಕೆ ಉತ್ತರ ಬಂತು, ನನ್ನ ವಿಷಯದಲ್ಲಿ 992 ವೋನ್‌ಗೆಲ್ಡ್ ಇಲ್ಲದೇ ತೋರ್ಸಿದ್ರೆ ರಿನ್ಯೂವಲ್‌ಗೆ ಅಡ್ಡಿ ಮಾಡಲ್ಲ ಅಂತ. ಇದು ನಂಗೆ ನನ್ನ ಊರಿನ ಕಚೇರಿ ಕೊಟ್ಟಿದ್ದು, ನೀವು ನಿಮ್ಮದನ್ನ ಕೇಳ್ಲೇಬೇಕು. ಆ ಪತ್ರ ಕೈಗೆ ಬಂದ ದಿನ 29ನೇ ತಾರೀಖು. ಮಧ್ಯಾಹ್ನವೇ ಬಿಳಿ ಹಾಳೆ ಬರ್ದು ಕಚೇರಿ ಅಂಚೆ ಡಬ್ಬಿಗೆ ಹಾಕಿ ಫೋಟೋ ತೆಗ್ದೆ.

ಮೊನ್ನೆ ಪತ್ರ ಬಂದಿದೆ, ನಾಲ್ಕೂ ಜನರ ಆದಾಯ ಕೊಡಿ ಅಂತ. ಓದಿ ಕೈ ನಡುಗ್ತು, ಆಮೇಲೆ ಇಲ್ಲಿ ನೀವೆಲ್ಲ ಬರ್ದಿದ್ದು ಮತ್ತೆ ಓದ್ದೆ. ನಿನ್ನೆ ರಾತ್ರಿ ಅಡುಗೆಮನೆ ಮೇಜಿನ ಮೇಲೆ ನಾಲ್ವರೂ ಕೂತು ಒಬ್ಬೊಬ್ರು ಒಂದೊಂದು ಹಾಳೆ ಬರ್ದ್ವಿ, ನಾವು ನೆಂಟರಲ್ಲ, ಜೋಡಿಗಳಲ್ಲ, ಕಾಂಟ್ರಾಕ್ಟ್ ಬೇರೆ, ಬ್ಯಾಂಕ್ ಬೇರೆ ಅಂತ. ಜರ್ಮನ್ ಹುಡುಗಿ ಎಲ್ರ ವ್ಯಾಕರಣ ತಿದ್ದಿದ್ಲು. ತೆಲುಗು ಹುಡುಗ ತನ್ನ ಕೈಬರಹ ಚೆನ್ನಾಗಿಲ್ಲ ಅಂತ ಎರಡು ಸಲ ಬರ್ದ. ಒಟ್ಟಿಗೆ ಅಡುಗೆ ಮಾಡೋದನ್ನೂ ಮುಚ್ಚಿಟ್ಟಿಲ್ಲ, ವಾರಕ್ಕೆ ಎಷ್ಟು ದಿನ, ಲೆಕ್ಕ ಹೇಗೆ ಹಂಚ್ಕೋತೀವಿ ಅಂತ ಬರ್ದು ಆಪಿನ ಒಂದು ತಿಂಗಳ ಲೆಕ್ಕ ಪ್ರಿಂಟ್ ಇಟ್ಟಿದೀವಿ. ಇವತ್ತು ಕಳಿಸ್ದೆ.

ಹುಬ್ಳಿ_ಮಂದಿ

ಲಿಖಿತ ಉತ್ತರ ತಗೊಂಡಿದ್ದು ಭಾಳ ಛಲೋ ಆತವ್ವಾ. ಆ ಇಮೇಲ್ ಪ್ರಿಂಟ್ ತಗದು ಪಾಸ್‌ಪೋರ್ಟ್ ಜೋಡಿ ಇಡು. ಅಕ್ಟೋಬರ್‌ದಾಗ ಹೋಗುವಾಗ ಮರೀಬ್ಯಾಡ.

ಮೈಸೂರ್_ಮಲ್ಲಿಗೆ_ಬಾನ್

ಕೆಲಸದ ಗಂಟೆ ಮತ್ತೆ ಜಾಸ್ತಿ ಆದ್ರೆ ಅಥವಾ ಮನೆ ಬದಲಾಯಿಸಿದ್ರೆ ವೋನ್‌ಗೆಲ್ಡ್ ಆಫೀಸಿಗೆ ತಕ್ಷಣ ತಿಳಿಸಿ, ಆಮೇಲೆ ವಾಪಸ್ ಕಟ್ಟೋದು ತುಂಬಾ ಕಷ್ಟ.

ಬೆಣ್ಣೆದೋಸೆ88

ದಾವಣಗೆರೆಯವ್ರನ್ನೂ ಹಾಕಕ್ಕೆ ಹೇಳಿ, ಅವ್ರೂ ಸ್ಟೂಡೆಂಟಾ?

ಮಲ್ನಾಡ್_ಮಳೆ

ಹೂಂ, ಅವಳೂ. ನಾಡಿದ್ದು ಅವಳನ್ನ ಕರ್ಕೊಂಡು ಕೌನ್ಸೆಲಿಂಗ್‌ಗೆ ಹೋಗ್ತಿದೀನಿ, ಹತ್ತು ಗಂಟೆಗೆ ಟೈಮ್ ಕೊಟ್ಟಿದಾರೆ.